ಎಲ್ಲಿ ಕುಳಿತು ಉಣ್ಣುತ್ತೀ?

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಗೆಳೆಯರು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಕವಿಯಲ್ಲ, ಸಂಶೋಧಕನಲ್ಲ, ವಚನಗಳನ್ನು ಕಂಠಪಾಠ ಮಾಡಿದವನೂ ಅಲ್ಲ. ಮೂವತ್ತು ವರ್ಷ ಔಷಧಿಯ ಮೂಲದ್ರವ್ಯಗಳನ್ನು ತಯಾರಿಸುವ ರಾಸಾಯನಿಕ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡಿ ನಿವೃತ್ತನಾದವನು. ಸಾಹಿತ್ಯದ ಸಂಚಿಕೆಯಲ್ಲಿ ಕಾರ್ಖಾನೆಯ ಮಾತೇಕೆ ಎಂದು ಓದುಗರು ಕೇಳಬಹುದು. ಈ ಸಂಚಿಕೆ ಯಾವ ಮನೆಗಳಿಗೆ ಹೋಗುತ್ತದೆಯೋ ಆ ಮನೆಗಳ ಮಕ್ಕಳಲ್ಲಿ ಎಷ್ಟು ಮಂದಿ ಇಂದು ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರು ಎಂಬುದನ್ನು ನೆನೆದರೆ, ಆ ಪ್ರಶ್ನೆ ತಾನಾಗಿಯೇ ಕರಗೀತು.

ನಮ್ಮ ಪಶ್ಚಿಮ ತೆಲಂಗಾಣದ ಸೀಮೆಯ ಕಥೆ ಹಿರಿಯರಿಗೆ ಗೊತ್ತಿರುವುದೇ. ಜಹೀರಾಬಾದು, ನಾರಾಯಣಖೇಡಗಳು 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಬೀದರ ಜಿಲ್ಲೆಯಲ್ಲಿದ್ದವು. ಗಡಿರೇಖೆ ಸರಿಯಿತು, ಮನೆಮಾತು ಸರಿಯಲಿಲ್ಲ. ಸೋಲಾಪುರದಿಂದ ಹುಮನಾಬಾದು, ಜಹೀರಾಬಾದು, ಸಂಗಾರೆಡ್ಡಿಗಳನ್ನು ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿಯೇ ನಮ್ಮ ಜೀವನದ ದಾರವಾಯಿತು. ಹಿಂದಿನವರು ಈ ದಾರಿಯಲ್ಲಿ ಜೋಳ, ಬೆಲ್ಲ, ದನಗಳನ್ನು ಸಾಗಿಸಿದರು. ಪಟಾನಚೆರು, ಪಾಶಮೈಲಾರಂಗಳ ಸುತ್ತ ಕಾರ್ಖಾನೆಗಳು ಎದ್ದ ಮೇಲೆ ನಮ್ಮ ತಲೆಮಾರು ಇದೇ ದಾರಿಯಲ್ಲಿ ಟಿಫಿನ್ ಡಬ್ಬಿ ಹಿಡಿದು ಹೋಯಿತು. ಬೀದರ, ಔರಾದ, ಭಾಲ್ಕಿಗಳ ಕಡೆಯಿಂದ ಬಂದ ಹುಡುಗರೂ ನಮ್ಮೊಡನೆ ಸೇರಿಕೊಂಡರು. ಡಬ್ಬಿ ತೆರೆದಾಗ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ವಾಸನೆ ಬಂದರೆ, ಹೆಸರು ಕೇಳುವ ಮೊದಲೇ ನಮ್ಮವನೆಂದು ತಿಳಿಯುತ್ತಿತ್ತು.

ಆ ಡಬ್ಬಿಯನ್ನು ಎಲ್ಲಿ ಕುಳಿತು ತೆರೆಯುತ್ತೇವೆ ಎಂಬುದೇ ಈ ಲೇಖನದ ವಿಷಯ.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಮರದ ಕೆಳಗೆ ನಿಲ್ಲಬಾರದೆಂದು ಹೊಲಕ್ಕೆ ಹೋಗುವ ಮಕ್ಕಳಿಗೆ ಹಿರಿಯರು ಹೇಳುತ್ತಾರೆ. ಮಳೆ ಬಂದಾಗ ಮರ ಆಸರೆ; ಸಿಡಿಲು ಬಂದಾಗ ಅದೇ ಮರ ಅಪಾಯ. ಎಲ್ಲ ಕಾಲಕ್ಕೂ ಎಲ್ಲ ಆಪತ್ತಿಗೂ ಒಂದೇ ಆಸರೆ ಒದಗುವುದಿಲ್ಲವೆಂಬ ಈ ವಿವೇಕ ರೈತನಿಗೆ ಇದೆ. ಕಾರ್ಖಾನೆಯ ಒಳಗೆ ಕಾಲಿಟ್ಟೊಡನೆ ಅದನ್ನು ನಾವು ಮರೆಯುತ್ತೇವೆ. ಅಲ್ಲಿ ಗೋಡೆ ಕಂಡರೆ ರಕ್ಷಣೆ, ಮಾಡು ಕಂಡರೆ ನೆರಳು ಎಂದೇ ಭಾವಿಸುತ್ತೇವೆ. ಶಿಫ್ಟ್ ಆಫೀಸು, ಕಂಟ್ರೋಲ್ ರೂಮು, ಪ್ರಯೋಗಶಾಲೆ, ಕ್ಯಾಂಟೀನು, ಬಟ್ಟೆ ಬದಲಿಸುವ ಕೋಣೆ, ಗುತ್ತಿಗೆ ಕಾರ್ಮಿಕರ ತಗಡಿನ ಶೆಡ್ಡು, ಇವೆಲ್ಲ ನಮ್ಮ ಮನಸ್ಸಿನಲ್ಲಿ 'ಒಳಗೆ'. ರಿಯಾಕ್ಟರು, ಪೈಪು, ಸಾಲ್ವೆಂಟ್ ತೊಟ್ಟಿಗಳಿರುವ ಕಡೆ 'ಹೊರಗೆ'. ಅಪಾಯ ಹೊರಗಿದೆ, ಒಳಗೆ ಬಂದರೆ ಬದುಕಿದೆವು ಎಂಬುದು ನಮ್ಮ ಲೆಕ್ಕ.

ನಾನು ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿಯೇ ಈ ಲೆಕ್ಕ ತಲೆಕೆಳಗಾಯಿತು. ನಮ್ಮ ಪ್ಲಾಂಟಿನ ಪಕ್ಕದ ಶೆಡ್ಡಿನಲ್ಲಿ ಟೊಲುಯೀನ್ ತುಂಬಿದ ಸೆಂಟ್ರಿಫ್ಯೂಜಿನಿಂದ ಎದ್ದ ಆವಿಗೆ ಕಿಡಿ ತಾಗಿ ಸ್ಫೋಟವಾಯಿತು. ನಾನು ಆಗ ಬಯಲಿನಲ್ಲಿ, ಕೂಲಿಂಗ್ ಟವರಿನ ಬಳಿ ನಡೆದು ಹೋಗುತ್ತಿದ್ದೆ. ಯಾರೋ ಎರಡು ಕೈಗಳಿಂದ ಬೆನ್ನಿಗೆ ನೂಕಿದಂತಾಯಿತು, ಮುಗ್ಗರಿಸಿ ಬಿದ್ದೆ. ಕಿವಿಯಲ್ಲಿ ಬಹಳ ಹೊತ್ತು ಗುಂಯ್‌ಗುಡುವ ಸದ್ದಿತ್ತು, ಅಂಗೈ ತರಚಿತ್ತು, ಅಷ್ಟೆ. ನನಗಿಂತ ದೂರದಲ್ಲಿ, ಶಿಫ್ಟ್ ಆಫೀಸಿನ ಒಳಗೆ ಕಿಟಕಿಯ ಬಳಿ ಕುಳಿತು ಲಾಗ್ ಪುಸ್ತಕ ಬರೆಯುತ್ತಿದ್ದ ಗುಮಾಸ್ತರ ಮೇಲೆ ಕಿಟಕಿಯ ಗಾಜೆಲ್ಲ ಬಂದು ಬಿತ್ತು. ಹಿಂದಿನ ಕಬ್ಬಿಣದ ಕಪಾಟು ಅವರ ಕುರ್ಚಿಯ ಮೇಲೆ ಮಗುಚಿತು. ಪ್ರಾಣ ಉಳಿಯಿತು, ಒಂದು ಕಣ್ಣು ಉಳಿಯಲಿಲ್ಲ. ಆಸ್ಪತ್ರೆಗೆ ನೋಡಲು ಹೋದಾಗ ಅವರು ತೆಲುಗಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ನೇನು ಲೋಪಲೇ ಉನ್ನಾನು ಕದಾ!" ನಾನು ಒಳಗೇ ಇದ್ದೆನಲ್ಲಾ! ಆ ಮಾತಿನಲ್ಲಿದ್ದ ಅಚ್ಚರಿ, ನೋವಿಗಿಂತಲೂ ಹೆಚ್ಚಾಗಿ ನನ್ನನ್ನು ಕಾಡಿತು. ಬಯಲಿನಲ್ಲಿದ್ದವನು ಎದ್ದು ನಡೆದ. ಮಾಡಿನ ಕೆಳಗಿದ್ದವರು ಕಣ್ಣು ಕಳೆದುಕೊಂಡರು. ಇದು ವಿಧಿಯೋ, ಇದಕ್ಕೊಂದು ಕಾರಣವಿದೆಯೋ ಎಂದು ತಿಳಿಯಬೇಕೆನಿಸಿತು.

ಕಾರಣವಿತ್ತು. ಸ್ಫೋಟವೆಂದರೆ ಗಾಳಿಯಲ್ಲಿ ಹಬ್ಬುವ ಒತ್ತಡದ ಅಲೆ. ನಮ್ಮ ಸುತ್ತಲಿನ ವಾತಾವರಣದ ಒತ್ತಡ ಸುಮಾರು 100 ಕಿಲೋಪಾಸ್ಕಲ್. ಅದರ ಮೇಲೆ ಕೇವಲ 7 ಕಿಲೋಪಾಸ್ಕಲ್ ಹೆಚ್ಚಾದರೆ ಸಾಮಾನ್ಯ ಕಿಟಕಿಯ ಗಾಜುಗಳು ಚೂರಾಗಿ ಒಳಕ್ಕೆ ಹಾರುತ್ತವೆ. ಇನ್ನೂ ಕಡಿಮೆ ಒತ್ತಡಕ್ಕೆ ಒಡೆಯುವ ಗಾಜುಗಳೂ ಉಂಟು. ಸುಮಾರು 15ರಿಂದ 20 ಕಿಲೋಪಾಸ್ಕಲ್‌ಗೆ ಕಬ್ಬಿಣದ ಸರಳಿಲ್ಲದೆ ಕಟ್ಟಿದ ಸಿಮೆಂಟ್ ಇಟ್ಟಿಗೆಯ ಗೋಡೆ ಕುಸಿಯುತ್ತದೆ. ಆದರೆ ಮನುಷ್ಯನ ಶ್ವಾಸಕೋಶಕ್ಕೆ ನೇರವಾಗಿ ಹಾನಿಯಾಗಬೇಕಾದರೆ ಇದರ ಹಲವು ಪಟ್ಟು ಒತ್ತಡ ಬೇಕು. ಎಂದರೆ, ದೇವರು ಕೊಟ್ಟ ಈ ದೇಹ, ಗುತ್ತಿಗೆದಾರ ಕಟ್ಟಿದ ಗೋಡೆಗಿಂತ ಹೆಚ್ಚು ಒತ್ತಡವನ್ನು ತಾಳಿಕೊಳ್ಳುತ್ತದೆ. ಅಲೆ ಮನುಷ್ಯನನ್ನು ಕೊಲ್ಲದೆ ಬಿಟ್ಟರೂ ಕುಸಿದ ಮಾಡು, ಹಾರಿದ ಗಾಜು, ಉರುಳಿದ ಕಪಾಟು, ಕಳಚಿದ ಫ್ಯಾನು ಅವನನ್ನು ಬಿಡುವುದಿಲ್ಲ.

ಈ ಸತ್ಯವನ್ನು ಜಗತ್ತು ದೊಡ್ಡ ಬೆಲೆ ತೆತ್ತು ಕಲಿತಿದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬ ಹಳ್ಳಿಯ ಬಳಿ, ನೈಲಾನಿನ ಮೂಲದ್ರವ್ಯವಾದ ಕ್ಯಾಪ್ರೋಲ್ಯಾಕ್ಟಮ್ ತಯಾರಿಸುವ ಕಾರ್ಖಾನೆಯೊಂದಿತ್ತು. ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟುದರಿಂದ ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ 20 ಅಂಗುಲ ವ್ಯಾಸದ ತಾತ್ಕಾಲಿಕ ಪೈಪು ಜೋಡಿಸಿದ್ದರು. 1974ರ ಜೂನ್ 1ರ ಶನಿವಾರ ಸಂಜೆ ಆ ಜೋಡಣೆ ಕಿತ್ತುಬಂದು, ಬಿಸಿಯಾದ ಸೈಕ್ಲೋಹೆಕ್ಸೇನ್ ದೊಡ್ಡ ಮೋಡವಾಗಿ ಹಬ್ಬಿ ಸ್ಫೋಟಿಸಿತು. ಸತ್ತವರು 28 ಮಂದಿ. ಅವರಲ್ಲಿ 18 ಮಂದಿ ಇದ್ದುದು ಕಂಟ್ರೋಲ್ ರೂಮಿನಲ್ಲಿ. ಕಿಟಕಿಗಳು ಒಡೆದು, ಮಾಡು ಕುಸಿದು, ಒಳಗಿದ್ದವರಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಕಾರ್ಖಾನೆಯ ಮುಖ್ಯ ಕಚೇರಿಯೂ ನಾಶವಾಯಿತು. ಶನಿವಾರವಾದ ಕಾರಣ ಅಲ್ಲಿ ಜನರಿರಲಿಲ್ಲ. ವಾರದ ನಡುವಿನ ದಿನವಾಗಿದ್ದರೆ ಸತ್ತವರ ಸಂಖ್ಯೆ ಎಷ್ಟಾಗುತ್ತಿತ್ತೆಂದು ಊಹಿಸಲೂ ಭಯವಾಗುತ್ತದೆ. ಇಡೀ ಕಾರ್ಖಾನೆಯನ್ನು ಕಾಯಬೇಕಾದವರು ಕೂಡುವ ಕೋಣೆಯನ್ನೇ ಕಾಯದೆ ಬಿಟ್ಟಿದ್ದೆವಲ್ಲಾ ಎಂದು ಆ ನಂತರ ಎಂಜಿನಿಯರುಗಳು ಎಚ್ಚೆತ್ತರು. ಸ್ಫೋಟವನ್ನು ತಾಳುವ, ಕಿಟಕಿಯಿಲ್ಲದ, ಸರಳು ಹಾಕಿದ ಕಾಂಕ್ರೀಟಿನ ಕಂಟ್ರೋಲ್ ರೂಮುಗಳು ಬರತೊಡಗಿದವು.

ಆದರೆ ಕಂಟ್ರೋಲ್ ರೂಮಿನವರಿಗೆ ದೊರೆತ ಪಾಠ ಗುತ್ತಿಗೆ ಕಾರ್ಮಿಕರವರೆಗೆ ತಲುಪಲು ಮತ್ತೆ ಮೂವತ್ತು ವರ್ಷ ಬೇಕಾಯಿತು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ತೈಲ ಶುದ್ಧೀಕರಣಾಗಾರದಲ್ಲಿ ದುರಸ್ತಿಯ ಬಳಿಕ ಒಂದು ಘಟಕವನ್ನು ಮತ್ತೆ ಚಾಲೂ ಮಾಡುತ್ತಿದ್ದರು. ಗೋಪುರದಲ್ಲಿ ದ್ರವ ಮಿತಿಮೀರಿ ತುಂಬಿ, ಹೊರಹಾಕುವ ಕೊಳವೆಯಿಂದ ಉಕ್ಕಿ ನೆಲಕ್ಕಿಳಿದು ಆವಿಯ ಮೋಡವಾಯಿತು, ಕಿಡಿ ತಾಗಿತು. ಸತ್ತವರು 15 ಮಂದಿ, ಗಾಯಗೊಂಡವರು 180. ಆ ಹದಿನೈದು ಮಂದಿಯೂ ಗುತ್ತಿಗೆ ಸಂಸ್ಥೆಗಳವರು; ಹದಿನೈದು ಮಂದಿಯೂ ಸತ್ತದ್ದು ಮರದ ಹಗುರ ಚೌಕಟ್ಟಿನ ಟ್ರೈಲರ್ ಕಚೇರಿಗಳ ಒಳಗೆ ಅಥವಾ ಅವುಗಳ ಬಳಿ. ಹತ್ತಿರದ ಟ್ರೈಲರು ಆ ಕೊಳವೆಯಿಂದ ಕೇವಲ 121 ಅಡಿ ದೂರದಲ್ಲಿತ್ತು. ಅವರಲ್ಲಿ ಯಾರಿಗೂ ಆ ಘಟಕದಲ್ಲಿ ಕೆಲಸವಿರಲಿಲ್ಲ. ಬೇರೊಂದು ಘಟಕದ ದುರಸ್ತಿಗಾಗಿ ಬಂದವರು, ಜಾಗವಿದೆಯೆಂದು ಅಲ್ಲಿ ಕುಳಿತವರು. ಪಕ್ಕದ ಘಟಕ ಚಾಲೂ ಆಗುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇದನ್ನು ಮೊದಲ ಬಾರಿ ಓದಿದಾಗ ನನಗೆ ಅಮೆರಿಕ ನೆನಪಾಗಲಿಲ್ಲ. ನಮ್ಮ ಹಿತ್ತಿಲಿನ ತಗಡಿನ ಶೆಡ್ಡು ನೆನಪಾಯಿತು.

ಈ ದುರಂತಗಳಿಂದ ಹುಟ್ಟಿದ ವಿವೇಕ ಬಹಳ ಸರಳವಾದುದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯೊಂದು ಜನರಿರುವ ಕಟ್ಟಡಗಳಿಗಾಗಿಯೇ 1995ರಲ್ಲಿ ಮಾರ್ಗದರ್ಶಿಯೊಂದನ್ನು ಹೊರತಂದಿತ್ತು. ಟೆಕ್ಸಸ್ ಸಿಟಿಯ ಬಳಿಕ, 2007ರಲ್ಲಿ, ಎತ್ತಿಡಬಹುದಾದ ಹಗುರ ಕಟ್ಟಡಗಳಿಗೂ ಪ್ರತ್ಯೇಕ ಮಾರ್ಗದರ್ಶಿ ಬಂದಿತು. ನಮ್ಮ ದೇಶದ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯವೂ ಕಂಟ್ರೋಲ್ ರೂಮುಗಳ ಸುರಕ್ಷತೆಗೆಂದೇ ಒಂದು ಮಾನಕವನ್ನು ರೂಪಿಸಿದೆ. ಇವುಗಳ ತಿರುಳನ್ನು ಮನೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ. ಮೊದಲನೆಯದು, ಅಪಾಯದ ಹತ್ತಿರ ಕೆಲಸವಿಲ್ಲದವನು ಅಲ್ಲಿರಬಾರದು. ಎರಡನೆಯದು, ಹತ್ತಿರ ಇರಲೇಬೇಕಾದವರ ಸಂಖ್ಯೆಯೂ ಹೊತ್ತೂ ಆದಷ್ಟು ಕಡಿಮೆಯಿರಬೇಕು. ಮೂರನೆಯದು, ಅವರು ಕೂಡುವ ಕಟ್ಟಡ ಅಲ್ಲಿ ಸಂಭವಿಸಬಹುದಾದ ಆಪತ್ತನ್ನು ತಾಳುವಂತಿರಬೇಕು. ನಾಲ್ಕನೆಯದು, ಇದನ್ನು ಒಮ್ಮೆ ನೋಡಿ ಬಿಡುವುದಲ್ಲ. ಹೊಸ ಯಂತ್ರ ಬಂದಾಗ, ಹೊಸ ದ್ರವ್ಯ ಬಂದಾಗ, ಗೋದಾಮನ್ನು ಆಫೀಸಾಗಿ ಬದಲಿಸಿದಾಗ ಮತ್ತೆ ನೋಡಬೇಕು. ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಖರ್ಚು ಕಡಿಮೆ, ಫಲ ಹೆಚ್ಚು.

ಆಪತ್ತೂ ಒಂದೇ ಬಗೆಯದಲ್ಲ. ಸ್ಫೋಟಕ್ಕೆ ದೂರವೂ ಗಟ್ಟಿತನವೂ ಬೇಕು. ಬೆಂಕಿಗೆ ಎರಡು ಬಾಗಿಲು ಬೇಕು. ಅವುಗಳಲ್ಲಿ ಒಂದಾದರೂ ಅಪಾಯಕ್ಕೆ ಬೆನ್ನು ಮಾಡಿರಬೇಕು. ವಿಷಾನಿಲಕ್ಕೆ ಬಿಗಿಯಾದ ಕಿಟಕಿಬಾಗಿಲು ಬೇಕು. ಹೊರಗಿನ ಗಾಳಿಯನ್ನು ಒಳಗೆಳೆಯುವ ಯಂತ್ರವನ್ನು ಒಂದೇ ಗುಂಡಿಯಿಂದ ನಿಲ್ಲಿಸುವಂತಿರಬೇಕು. ಗಾಳಿ ಎತ್ತ ಬೀಸುತ್ತಿದೆಯೆಂದು ತೋರಿಸುವ ಗಾಳಿಚೀಲ ಬಾಗಿಲಿನಿಂದಲೇ ಕಾಣಬೇಕು. 1984ರ ಡಿಸೆಂಬರಿನ ಭೋಪಾಲದ ರಾತ್ರಿಯನ್ನು ಕಂಡ ದೇಶ ನಮ್ಮದು; ಗಾಳಿಯ ದಿಕ್ಕು ಎಂದರೇನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಭೋಪಾಲದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಅಧ್ಯಾಯವೇ ಸೇರಿತು. ನಿವೇಶನವನ್ನು ಪರಿಶೀಲಿಸುವ ಸಮಿತಿ ಬಂದಿತು. ಆಪತ್ತು ಸನ್ನಿಹಿತವೆಂದು ತೋರಿದರೆ ಅದನ್ನು ಮಾಲೀಕರ ಗಮನಕ್ಕೆ ತರುವ ಹಕ್ಕು ಕಾರ್ಮಿಕನಿಗೆ ದೊರೆಯಿತು.

ಅದಕ್ಕೂ ಮೊದಲೇ, 1948ರ ಮೂಲ ಕಾಯ್ದೆ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನು, 150ಕ್ಕಿಂತ ಹೆಚ್ಚು ಮಂದಿಯಿರುವ ಕಡೆ ವಿಶ್ರಾಂತಿಯ ಮತ್ತು ಊಟದ ಕೋಣೆ ಇರಬೇಕೆಂದು ಹೇಳಿತ್ತು. ಮಾನವೀಯವಾದ ವಿಧಿ. ಆದರೆ ಕೋಣೆ ಇದೆಯೇ ಎಂದು ಕೇಳುವವರು ಬಹಳ ಮಂದಿ. ಅದು ಎಲ್ಲಿದೆ ಎಂದು ಕೇಳುವವರು ವಿರಳ. ನಕಾಶೆಯಲ್ಲಿ ಎಲ್ಲವೂ ಸರಿಯಾಗಿರುತ್ತದೆ. ವರ್ಷಗಳು ಕಳೆದಂತೆ ಉತ್ಪಾದನೆ ಬೆಳೆಯುತ್ತದೆ, ಜಾಗ ಬೆಳೆಯುವುದಿಲ್ಲ. ಡ್ರಮ್ಮುಗಳು ಕ್ಯಾಂಟೀನಿನ ಗೋಡೆಯವರೆಗೆ ಬರುತ್ತವೆ. ಶೆಡ್ಡಿಗೆ ಒಂದು ಮಾಡು ಇಳಿಸಿದರೆ ಅದರ ಕೆಳಗೆ ಮೊದಲು ಸೈಕಲ್ಲು ನಿಲ್ಲುತ್ತದೆ, ಆಮೇಲೆ ಬೆಂಚು ಬರುತ್ತದೆ, ಆಮೇಲೆ ಒಬ್ಬ ಸೂಪರ್‌ವೈಸರನ ಮೇಜು. ಯಾರೂ ನಿರ್ಧರಿಸದೆಯೇ ಅದೊಂದು ಜನರಿರುವ ಕಟ್ಟಡವಾಗಿಬಿಡುತ್ತದೆ.

ನಾನು ಕೊನೆಯದಾಗಿ ಕೆಲಸ ಮಾಡಿದ ಕಾರ್ಖಾನೆಯಲ್ಲಿ, ಸಾಲ್ವೆಂಟ್ ತೊಟ್ಟಿಗಳ ಕಟ್ಟೆಗೆ ತಾಗಿದಂತೆ ಅಂಥದೊಂದು ತಗಡಿನ ಇಳಿಮಾಡು ಇತ್ತು. ಮಧ್ಯಾಹ್ನ ಹದಿನೈದು ಇಪ್ಪತ್ತು ಗುತ್ತಿಗೆ ಹುಡುಗರು ಅಲ್ಲಿ ಉಂಡು ಅಡ್ಡಾಗುತ್ತಿದ್ದರು. ಔರಾದ ಕಡೆಯ ಒಬ್ಬನನ್ನು ಕೇಳಿದೆ: "ಏನಪ್ಪಾ, ಉಣ್ಣಲಿಕ್ಕೆ ಇದೇ ಜಾಗ ಬೇಕಾ?"

"ಇಲ್ಲಿ ನೆರಳದರಿ ಕಾಕಾ. ನಳಾ ಬಾಜೂಕೇ ಅದ. ಕ್ಯಾಂಟೀನಿಗಿ ಹ್ವಾದ್ರ ನಮಗ ಕೂಡಲಿಕ್ಕ ಜಾಗಾ ಎಲ್ಲಿ ಕೊಡ್ತಾರ್ರಿ?"

ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಂಪನಿಯ ಕ್ಯಾಂಟೀನಿನಲ್ಲಿ ಕಾಯಂ ನೌಕರರಿಗೆ ಮೊದಲ ಪಂಕ್ತಿ. ಗುತ್ತಿಗೆಯವರಿಗೆ ಉಳಿದ ಹೊತ್ತು, ಉಳಿದ ಜಾಗ. ಅಲ್ಲಿಂದ ಎದ್ದು ಹೋಗು ಎಂದು ಆ ಹುಡುಗನಿಗೆ ಹೇಳುವುದು ಸುಲಭ. ಎಲ್ಲಿಗೆ ಎಂದು ಹೇಳದೆ ಏಳಿಸುವುದು ಅನ್ಯಾಯ. ಅಪಾಯದ ಹತ್ತಿರದ ಜಾಗ ಯಾವಾಗಲೂ ಮಾತಿನ ಬಲವಿಲ್ಲದವನ ಪಾಲಿಗೇ ಬರುತ್ತದೆ ಎಂಬುದು ಟೆಕ್ಸಸ್ ಸಿಟಿಯಲ್ಲಿ ಎಷ್ಟು ನಿಜವೋ ನಮ್ಮಲ್ಲಿಯೂ ಅಷ್ಟೇ ನಿಜ.

ಸುರಕ್ಷತಾ ಸಮಿತಿಯಲ್ಲಿ ನಾವು ಕೆಲವರು ಈ ವಿಷಯವನ್ನು ಎತ್ತಿದೆವು. ಊಟದ ಕೋಣೆಯನ್ನು ಗೇಟಿನ ಕಡೆಗೆ ಸಾಗಿಸಿದರೆ ಹೋಗಿಬರಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ದಿನಕ್ಕೆ ಇಷ್ಟು ಮಂದಿಯ ಇಷ್ಟು ನಿಮಿಷ ನಷ್ಟವೆಂದು ಲೆಕ್ಕ ಬಂದಿತು. ಕೊನೆಗೆ ಒಪ್ಪಿಗೆಯಾಗಲು ಎರಡು ವರ್ಷ ಹಿಡಿಯಿತು. ಗೇಟಿನ ಬಳಿ, ತೊಟ್ಟಿಗಳಿಂದ ದೂರದಲ್ಲಿ, ಎರಡು ಬಾಗಿಲಿನ ಊಟದ ಕೋಣೆ ಎದ್ದಿತು. ಗುತ್ತಿಗೆಯವರಿಗೂ ಕಾಯಂ ನೌಕರರಿಗೂ ಒಂದೇ ಪಂಕ್ತಿ. ಹಳೆಯ ಇಳಿಮಾಡಿನಲ್ಲಿ ಪೈಪಿನ ತುಂಡುಗಳನ್ನು ಇಟ್ಟರು. ಶಿಫ್ಟ್ ಆಫೀಸಿನ ತೊಟ್ಟಿಗಳತ್ತ ಮುಖ ಮಾಡಿದ ಕಿಟಕಿಗೆ ಇಟ್ಟಿಗೆ ಕಟ್ಟಿದರು; ಕಪಾಟುಗಳನ್ನು ಗೋಡೆಗೆ ಬಿಗಿದರು. ದೊಡ್ಡ ತಂತ್ರಜ್ಞಾನವೇನೂ ಇದರಲ್ಲಿಲ್ಲ. ರಿಯಾಕ್ಟರು ಚಾಲೂ ಮಾಡುವ ಹೊತ್ತಿಗೆ ಸುತ್ತಲಿನ ಶೆಡ್ಡುಗಳಿಂದ ಜನರನ್ನು ಕಳಿಸಿ, ತಲೆಯೆಣಿಸಿ, ಆಮೇಲೆ ಕವಾಟ ತೆರೆಯುವ ಪದ್ಧತಿಯೊಂದು ಬಂದಿತು. ನಾನು ನಿವೃತ್ತನಾಗುವವರೆಗೆ ಅಲ್ಲಿ ದೊಡ್ಡ ಅವಘಡವೇನೂ ಆಗಲಿಲ್ಲ. ಆದ್ದರಿಂದ ನಮ್ಮ ಕೆಲಸದಿಂದ ಯಾರ ಪ್ರಾಣ ಉಳಿಯಿತೆಂದು ತೋರಿಸಲಾರೆ. ಇಂಥ ಕೆಲಸದ ಸ್ವಭಾವವೇ ಅದು. ಫಲ ಕಾಣದಿದ್ದರೇ ಫಲ.

ಕಾಣುವ ಫಲ ಎಂಥದೆಂದು 2025ರ ಜೂನ್ 30ರ ಬೆಳಿಗ್ಗೆ ನಮ್ಮ ಪಾಶಮೈಲಾರಂ ತೋರಿಸಿತು. ಮಾತ್ರೆಗಳಲ್ಲಿ ಬಳಸುವ ಸೆಲ್ಯುಲೋಸಿನ ನಯವಾದ ಪುಡಿಯನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ಮಹಡಿ ಕಟ್ಟಡ ಕುಸಿಯಿತು. ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಲವರು ಬಿಹಾರ, ಉತ್ತರ ಪ್ರದೇಶ, ಒಡಿಶಾಗಳಿಂದ ಅನ್ನ ಹುಡುಕಿಕೊಂಡು ಬಂದವರು. ಗುರುತು ಸಿಗದ ದೇಹಗಳಿಗೆ ಡಿಎನ್‌ಎ ಪರೀಕ್ಷೆ ನಡೆಯಬೇಕಾಯಿತು. ನಯವಾದ ಪುಡಿ ಗಾಳಿಯಲ್ಲಿ ಹಾರಿದರೆ ಸಾಲ್ವೆಂಟಿನ ಆವಿಯಂತೆಯೇ ಸ್ಫೋಟಿಸಬಲ್ಲದೆಂಬುದು, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಬೆಳೆದ ನಮಗೆ ಸುಲಭವಾಗಿ ನಂಬಿಕೆ ಬರುವ ಮಾತಲ್ಲ, ಆದರೂ ನಿಜ. ಮೊದಲ ಸ್ಫೋಟ ತೊಲೆಗಳ ಮೇಲೆ ಕುಳಿತ ಧೂಳನ್ನು ಎಬ್ಬಿಸುತ್ತದೆ. ಎದ್ದ ಧೂಳು ಅದಕ್ಕಿಂತ ದೊಡ್ಡ ಸ್ಫೋಟಕ್ಕೆ ಮದ್ದಾಗುತ್ತದೆ. ಅಂಥ ಯಂತ್ರಗಳಿರುವ ಕಟ್ಟಡದಲ್ಲಿಯೇ, ಅಥವಾ ಅದಕ್ಕೆ ತಾಗಿದಂತೆ, ಬೇರೆ ಕೆಲಸದವರನ್ನು ಕೂಡಿಸುವುದೆಂದರೆ ಒಂದೇ ಆಪತ್ತಿಗೆ ಎಲ್ಲರನ್ನೂ ಒಪ್ಪಿಸಿದಂತೆ. ಆ ದಿನ ನಮ್ಮ ಓಣಿಯ ಮನೆ ಮನೆಗಳಲ್ಲಿ ಫೋನುಗಳು ಬಡಿದುಕೊಂಡವು. ಕರೆಗೆ ಉತ್ತರ ಬಂದ ಮನೆಗಳು ದೇವರಿಗೆ ದೀಪ ಹಚ್ಚಿದವು.

ಸಂಘ ಏನು ಮಾಡಬಹುದು? ಕಟ್ಟಡವನ್ನು ಸರಿಸುವ ಅಧಿಕಾರ ನಮಗಿಲ್ಲ. ಭಾಷೆಯ ಕೆಲಸ ನಮ್ಮದೇ. ಕಾರ್ಖಾನೆಯ ಎಚ್ಚರಿಕೆಯ ಫಲಕಗಳು ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ, ಕೆಲವೆಡೆ ಹಿಂದಿಯಲ್ಲಿರುತ್ತವೆ. ಬೀದರಿನ ಹಳ್ಳಿಯಿಂದ ನಿನ್ನೆ ಬಂದ ಹುಡುಗ ಅವುಗಳ ಕೆಳಗೆ ಚಪ್ಪಲಿ ಬಿಟ್ಟು ಮಲಗುತ್ತಾನೆ. ಗಾಳಿಚೀಲವನ್ನು ನೋಡುವುದು ಹೇಗೆ, ಸೈರನ್ನಿನ ಯಾವ ಕೂಗಿಗೆ ಹೊರಗೋಡಬೇಕು, ಯಾವ ಕೂಗಿಗೆ ಒಳಗುಳಿದು ಬಾಗಿಲು ಮುಚ್ಚಬೇಕು, ಸೇರುವ ಸ್ಥಳ ಯಾವುದು, ಇಷ್ಟನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಎರಡು ಪುಟಗಳಲ್ಲಿ ಬರೆದು ಹಂಚಿದರೆ, ಅದು ಸಾಹಿತ್ಯಸೇವೆಗಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ. ಸಂಘದಲ್ಲಿ ಕಾರ್ಖಾನೆಯ ಅನುಭವವುಳ್ಳ ನಿವೃತ್ತರು ಸಾಕಷ್ಟಿದ್ದೇವೆ. ಕಾಗುಣಿತ ತಿದ್ದುವ ಮಾಸ್ತರರೂ ಇದ್ದಾರೆ.

ಇನ್ನೊಂದು ಕೆಲಸವನ್ನು ಮನೆಯ ತಾಯಂದಿರಿಗೇ ಒಪ್ಪಿಸುತ್ತೇನೆ. ಮಗ ಫೋನು ಮಾಡಿದಾಗ ಮೊದಲು ಕೇಳುವ ಮಾತು "ಉಂಡ್ಯಾ?" ಎಂದು. ಅದರ ಜೊತೆಗೆ "ಎಲ್ಲಿ ಕುಳಿತು ಉಣ್ಣುತ್ತೀ?" ಎಂದೂ ಕೇಳಿರಿ. ಆ ಜಾಗದ ಪಕ್ಕದಲ್ಲಿ ಏನಿದೆ? ಎಷ್ಟು ಬಾಗಿಲು? ಕಿಟಕಿ ಯಾವ ಕಡೆಗೆ? ತಲೆಯ ಮೇಲೆ ಏನು ತೂಗುತ್ತದೆ? ಪಕ್ಕದ ಘಟಕ ಚಾಲೂ ಆಗುವಾಗ ಯಾರಾದರೂ ಬಂದು ಹೇಳುತ್ತಾರೆಯೇ? ಉತ್ತರ ಗೊತ್ತಿಲ್ಲವೆಂದರೆ ಮರುದಿನ ನೋಡಿಕೊಂಡು ಬರಲು ಹೇಳಿರಿ. ತಾಯಿ ಕೇಳಿದ ಪ್ರಶ್ನೆಯನ್ನು ಮಗ ಸೂಪರ್‌ವೈಸರನಿಗೆ ಕೇಳುತ್ತಾನೆ; ಹತ್ತು ಮಂದಿ ಕೇಳಿದರೆ ಆ ಪ್ರಶ್ನೆ ಸಮಿತಿಯ ಮೇಜಿಗೆ ಬರುತ್ತದೆ. ನಮ್ಮಲ್ಲಿ ಊಟದ ಕೋಣೆ ಗೇಟಿನ ಬಳಿಗೆ ಸರಿದದ್ದೂ ಹಾಗೆಯೇ.